ಸ್ಟ್ಯಾಂಪ್ ಇಟ್ಟವನ ಪಕ್ಕದಲ್ಲಿ ರಾತ್ರಿ ಕೂರುವುದು ಹೇಗೆ

ನಾನು ಬದಿಯಡ್ಕದ ಹತ್ತಿರದವಳು, 22 ವರ್ಷದಿಂದ ನರ್ಸ್. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಕ್ಕ ಅಳುತ್ತಾ ಫೋನ್ ಮಾಡಿದಳು. ಮಗ ಗೆಳೆಯರ ಜೊತೆ 'ಸ್ಟ್ಯಾಂಪ್' ಇಟ್ಟುಕೊಂಡು ಬಂದಿದ್ದ. ಸ್ಟ್ಯಾಂಪ್ ಅಂದ್ರೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಡ್ರಗ್ ಹೀರಿಸಿದ, ನಾಲಿಗೆ ಮೇಲೆ ಇಟ್ಟುಕೊಳ್ಳುವ ಕಾಗದದ ಚೂರು. ನಾನು ಹೋದಾಗ ಅಕ್ಕ ಲಿಂಬೆ ಹಿಂಡುತ್ತಿದ್ದಳು, ಭಾವ ಮಜ್ಜಿಗೆ ಹಿಡಿದು ನಿಂತಿದ್ದರು. ಹುಡುಗ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಾ ನಡುಗುತ್ತಿದ್ದ. ಕಣ್ಣಿನ ಪಾಪೆ ಅಗಲ ತೆರೆದಿತ್ತು.

ಮೊದಲು ಆ ಲೋಟ ಕೆಳಗಿಡಿ. ಮಜ್ಜಿಗೆ, ಲಿಂಬೆ, ಪುನರ್ಪುಳಿ ಯಾವುದರಿಂದಲೂ ಇದು ಇಳಿಯುವುದಿಲ್ಲ. ಎಲ್‌ಎಸ್‌ಡಿ ತಯಾರಿಸಿದ ಆಲ್ಬರ್ಟ್ ಹಾಫ್‌ಮನ್ ಅವರೇ 1943ರ ಏಪ್ರಿಲ್ 19ರಂದು ಅದನ್ನು ಸೇವಿಸಿ, ಹೆದರಿ, ಪಕ್ಕದ ಮನೆಯಿಂದ ಹಾಲು ತರಿಸಿ ಕುಡಿದಿದ್ದರು. ಇಳಿದದ್ದು ಗಂಟೆಗಳು ಕಳೆದ ಮೇಲೆಯೇ. ವಾಂತಿ ಮಾಡಿಸಲೂ ಹೋಗಬೇಡಿ.

ಇಟ್ಟುಕೊಂಡ ಹೊತ್ತು ಕೇಳಿ ಬರೆದಿಡಿ. ಇವನದು ಸಂಜೆ 7. ರಕ್ತದಲ್ಲಿರುವ ಎಲ್‌ಎಸ್‌ಡಿ ಸುಮಾರು 3 ಗಂಟೆಗೆ ಅರ್ಧವಾಗುತ್ತದೆ, ಮತ್ತೆ 3 ಗಂಟೆಗೆ ಅದರ ಅರ್ಧ. ಈ ಕೆಲಸ ಲಿವರಿನದ್ದು. ಲಿವರ್ ಅದನ್ನು ಬೇರೆ ರೂಪಕ್ಕೆ ತಿರುಗಿಸುತ್ತದೆ, ಆ ರೂಪ ಮೂತ್ರದಲ್ಲಿ ಹೋಗುತ್ತದೆ. ಇದ್ದ ಹಾಗೆಯೇ ಹೊರಗೆ ಹೋಗುವುದು ನೂರಕ್ಕೆ ಸುಮಾರು ಒಂದು ಪಾಲು ಮಾತ್ರ. ಹಾಗಾಗಿ ಕೊಡಗಟ್ಟಲೆ ನೀರು ಕುಡಿಸಿದರೂ ತೊಳೆದು ಹೋಗುವುದಿಲ್ಲ. ಬಾಯಾರಿದರೆ ಗುಟುಕು ಗುಟುಕಾಗಿ ಕೊಡಿ, ಸಾಕು. ಮಿದುಳಿನಲ್ಲಿ ಅದು ಹೋಗಿ ಕೂರುವ ಜಾಗಕ್ಕೆ ಮುಚ್ಚಳದಂಥದ್ದು ಮುಚ್ಚಿಕೊಳ್ಳುತ್ತದೆ, ಬೇಗ ಬಿಡಿಸಿಕೊಳ್ಳಲು ಬಿಡುವುದಿಲ್ಲ. ಅದಕ್ಕೇ 8ರಿಂದ 12 ಗಂಟೆ ಕಾಯಬೇಕು. ಮ್ಯಾಜಿಕ್ ಮಶ್ರೂಮ್, ಅಂದ್ರೆ ಇದೇ ಥರ ಭ್ರಮೆ ಹುಟ್ಟಿಸುವ ಅಣಬೆ, ಆದರೆ 4ರಿಂದ 6 ಗಂಟೆ. ಆದರೆ ಗುಡ್ಡದಲ್ಲಿ ಕಿತ್ತ ಅಣಬೆ ಅಂತ ಗೊತ್ತಾದರೆ ಕಾಯಲೇಬೇಡಿ. ಲಿವರ್ ಹಾಳುಮಾಡುವ ವಿಷದ ಅಣಬೆಗಳಲ್ಲಿ ಲಕ್ಷಣ ಕಾಣುವುದೇ 6 ಗಂಟೆ ದಾಟಿದ ಮೇಲೆ. ಉಳಿದ ಚೂರು ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಟ್ಯೂಬ್‌ಲೈಟ್ ಆರಿಸಿ, ಚಿಕ್ಕ ಬಲ್ಬ್ ಹಾಕಿದೆ. ಟಿವಿ ಬಂದ್. ಪಕ್ಕದಲ್ಲಿ ಒಬ್ಬರೇ ಇರಬೇಕು, ಅದೂ ಅವನಿಗೆ ಬೇಕಾದವರು. ಭಾವನಿಗೆ "ಬೈಯುವುದನ್ನು ನಾಳೆಗೆ ಇಡಿ" ಎಂದೆ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿಸಿದೆ, ಆಚೆ ಬಾವಿ ಇದೆ ಅಲ್ವಾ. "ನೀನು ಮನೆಯಲ್ಲಿದ್ದೀಯ, ಇದು ಇಳಿಯುತ್ತದೆ" ಅಂತ ಎಷ್ಟು ಸಲ ಹೇಳಿದೆನೋ. ಅವನು ನನ್ನ ಕೈಬೆರಳು ಹಿಡಿದು, ಮಾಡಿನಿಂದ ಬೀಳುವ ಮಳೆನೀರಿನ ಸದ್ದು ಎಣಿಸುತ್ತಿದ್ದ.

ಫಿಟ್ಸ್, ಎದೆನೋವು, ಸುಡುವ ಜ್ವರ, ಎಚ್ಚರ ತಪ್ಪುವುದು, ಹಿಡಿಯಲಾಗದ ಹುಚ್ಚಾಟ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಸ್ಟ್ಯಾಂಪ್ ಎಂದು ಮಾರಿದ್ದರಲ್ಲಿ ಎಲ್‌ಎಸ್‌ಡಿಯೇ ಇರಬೇಕೆಂದಿಲ್ಲ. ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಮರ್ಯಾದೆ ಆಮೇಲೆ. ದಿನಗಳು ಕಳೆದರೂ ಭಯ ಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416.

ಬೆಳಗ್ಗೆ 5ಕ್ಕೆ ನಿದ್ದೆ ಹೋದ. ಎದ್ದವನೇ ಗಂಜಿ ಕೇಳಿದ. ಬೈಕಿನ ಕೀ ಮಾತ್ರ ಅವತ್ತು ಇಡೀ ದಿನ ನನ್ನ ಬ್ಯಾಗಿನಲ್ಲೇ ಇತ್ತು.