ಅಜ್ಜಿಯನ್ನು ‘ಖಿನ್ನತೆ ಇದೆಯಾ?’ ಅಂತ ಕೇಳಬೇಡಿ: ಪ್ಯಾಲಿಯೇಟಿವ್ ಕೇರ್ ಫಾರಂ ಅನ್ನು ನಮ್ಮ ಜನಕ್ಕೆ ಹೊಂದಿಸುವುದು ಹೇಗೆ

ಪ್ಯಾಲಿಯೇಟಿವ್ ಕೇರ್ ಅಂದರೆ ವಾಸಿಯಾಗದ ಕಾಯಿಲೆ ಇರುವವರ ನೋವು, ತೊಂದರೆ ಕಡಿಮೆ ಮಾಡುವ ಆರೈಕೆ. ಅಂಥವರ ಮನೆಗೆ ಹೋಗುವಾಗ ನಮ್ಮ ಕೈಯಲ್ಲಿ ಒಂದು ಫಾರಂ ಇರುತ್ತದೆ. ನೋವೆಷ್ಟು, ಊಟ ಸೇರುತ್ತಾ, ಮನಸ್ಸು ಹೇಗಿದೆ, ಮನೆಯವರು ಹೇಗಿದ್ದಾರೆ, ಎಲ್ಲ ಕೇಳಿ ನಂಬರ್ ಹಾಕಬೇಕು. ಫಾರಂ ಹುಟ್ಟಿದ್ದು ಮಾತ್ರ ಬೇರೆ ದೇಶದಲ್ಲಿ. ಇಂಥ ಫಾರಂಗಳಲ್ಲಿ ಎರಡು ಹೆಸರುವಾಸಿ. ಎಡ್ಮಂಟನ್ ಸ್ಕೇಲ್ (ESAS) 1991ರಲ್ಲಿ ಕೆನಡಾದಲ್ಲಿ ಬಂತು. ಐಪಾಸ್ (IPOS) ಲಂಡನ್ನಿನ ಕಿಂಗ್ಸ್ ಕಾಲೇಜಿನದು. ಎರಡೂ ಒಳ್ಳೆಯವೇ. ಆದರೆ ಮಂಡ್ಯದ ಕಡೆ ಹಳ್ಳಿಯ ಜಗಲಿ ಮೇಲೆ ಕೂತು ಅದನ್ನು ಹಾಗೇ ಓದಿದರೆ ಅಜ್ಜಿ ನಿಮ್ಮ ಮುಖ ನೋಡಿ, “ಇದೀನಪ್ಪ, ದೇವರು ಇಟ್ಟಂಗೆ” ಅಂತಾರೆ. ನೀವು ಸೊನ್ನೆ ಬರೆದುಕೊಂಡು ಎದ್ದು ಬರುತ್ತೀರಿ. ಹಿಂದಿನ ರಾತ್ರಿ ನೋವಿಗೆ ಅವರು ಕಣ್ಣು ಮುಚ್ಚಿರುವುದಿಲ್ಲ.

ಮೊದಲಿಗೆ, ಹೊಸ ಫಾರಂ ಬರೆಯೋಕೆ ಕೂರಬೇಡಿ. ಇರುವುದರಲ್ಲೇ ಒಂದನ್ನು ಆರಿಸಿ. ತೊಂದರೆಗಳನ್ನು ಬೇಗ ಬೇಗ ನೋಡಿಕೊಳ್ಳಬೇಕಾದರೆ ಎಡ್ಮಂಟನ್ ಸಾಕು, ಒಂಬತ್ತು ವಿಷಯ, 0ಯಿಂದ 10. ಮನೆಯವರ ಚಿಂತೆ, ನೆಮ್ಮದಿ, ದುಡ್ಡುಕಾಸಿನ ತಾಪತ್ರಯವೂ ಬೇಕಾದರೆ ಐಪಾಸ್, ಅದರಲ್ಲಿ 0ಯಿಂದ 4. ಎರಡರಲ್ಲೂ ನಂಬರ್ ಏರಿದಷ್ಟೂ ತೊಂದರೆ ಜಾಸ್ತಿ ಅಂತ ಅರ್ಥ. ಐಪಾಸ್‌ನ ಮೊದಲ ಪ್ರಶ್ನೆಗೆ ನಂಬರೇ ಇಲ್ಲ: ಈಚೆಗೆ ನಿಮ್ಮನ್ನು ಜಾಸ್ತಿ ಕಾಡಿದ್ದು ಏನು? ನನ್ನ ಕೇಳಿದರೆ ಉಳಿದ ಎಲ್ಲ ಪ್ರಶ್ನೆಗಿಂತ ಇದೇ ದೊಡ್ಡದು. ಹಸು ಕರೆಯೋರಿಲ್ಲ, ಮಗಳ ಮದುವೆ ಬಾಕಿ, ರೇಷನ್ ಕಾರ್ಡ್‌ನಲ್ಲಿ ಹೆಸರು ತಪ್ಪಾಗಿದೆ, ಇವೆಲ್ಲ ಹೊರಗೆ ಬರುವುದು ಇಲ್ಲೇ. ಐಪಾಸ್‌ಗೆ ದುಡ್ಡು ಕೊಡಬೇಕಿಲ್ಲ. ಆದರೆ ಅನುವಾದಕ್ಕೆ ಕೈ ಹಾಕುವ ಮುಂಚೆ ಕಿಂಗ್ಸ್ ಕಾಲೇಜಿನ ಐಪಾಸ್ ತಂಡಕ್ಕೆ ಬರೆದು, ಕನ್ನಡದಲ್ಲಿ ಯಾರಾದರೂ ಆಗಲೇ ಮಾಡಿದ್ದಾರಾ ಅಂತ ಕೇಳಿ. ಮಾಡಿದ್ದರೆ ಅದನ್ನೇ ತೊಗೊಳ್ಳಿ.

ಅನುವಾದದ ವಿಧಾನ ಗೊತ್ತಿರುವುದೇ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರುತ್ತಾರೆ, ಎರಡನ್ನೂ ಸೇರಿಸಿ ಒಂದು ಮಾಡುತ್ತೀರಿ, ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಇಬ್ಬರಲ್ಲಿ ಒಬ್ಬರು ಆಸ್ಪತ್ರೆಗೆ ಸಂಬಂಧ ಇಲ್ಲದವರಾಗಿರಲಿ.

ಇಲ್ಲೊಂದು ಮೋಸ ಇದೆ. ‘ಖಿನ್ನತೆ’ ಅಂತ ಬರೆದರೆ ವಾಪಸ್ ಇಂಗ್ಲಿಷಿಗೆ ಹೋಗುವಾಗ ಕರೆಕ್ಟಾಗಿ ‘ಡಿಪ್ರೆಶನ್’ ಅಂತಲೇ ಬರುತ್ತದೆ, ಎಲ್ಲರಿಗೂ ಖುಷಿ, ಕಾಗದದ ಮೇಲೆ ಪಾಸ್. ಆದರೆ ಖಿನ್ನತೆ ಅನ್ನುವ ಮಾತನ್ನು ಆ ಅಜ್ಜಿ ಬದುಕಿನಲ್ಲಿ ಒಮ್ಮೆಯೂ ಆಡಿಲ್ಲ! ‘ಯಾವುದರಲ್ಲೂ ಮನಸ್ಸಿಲ್ಲ ಅನ್ಸುತ್ತಾ?’ ಅಂದರೆ ತಕ್ಷಣ ಗೊತ್ತಾಗುತ್ತದೆ. ‘ಬೇಜಾರು’ ಅಂತ ಹಾಕಲೂ ಯೋಚಿಸಿ, ಒಬ್ಬರಿಗೆ ಅದು ದುಃಖ, ಇನ್ನೊಬ್ಬರಿಗೆ ಸುಮ್ನೆ ಹೊತ್ತು ಹೋಗದಿರುವುದು. ‘ಸಂಕಟ’ ಇನ್ನೂ ಅಪಾಯ. ಪತ್ರಿಕೆ ಓದುವವರಿಗೆ ಅದು ಕಷ್ಟ, ಮೈಸೂರು ಕಡೆಯ ಮನೆಯಲ್ಲಿ ಹೊಟ್ಟೆ ತೊಳೆಸುವುದು. ‘ಮಲಬದ್ಧತೆ’ ಬಿಟ್ಟು ‘ಹೊರಗಡೆಗೆ ಸರಿಯಾಗಿ ಆಗುತ್ತಾ?’ ಅಂತ ಕೇಳಿ. ನೋವನ್ನು ಧಾರವಾಡದ ಕಡೆ ‘ಬ್ಯಾನಿ’ ಅಂತಾರೆ, ತೊಂದರೆ ಅಂದರೆ ‘ತ್ರಾಸ’. ಒಂದೇ ಕನ್ನಡ ಫಾರಂ ಬೀದರಿನಿಂದ ಚಾಮರಾಜನಗರದವರೆಗೆ ನಡೆಯುತ್ತದೆ ಅಂದುಕೊಳ್ಳಬೇಡಿ. ಮಂಗಳೂರಿನಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೆ ಕನ್ನಡ ಅವರಿಗೆ ಶಾಲೆಯ ಭಾಷೆ, ನೋವಿನ ಭಾಷೆ ಅಲ್ಲ.

ಐಪಾಸ್‌ನಲ್ಲಿ ಮನಸ್ಸು ಸಮಾಧಾನವಾಗಿದೆಯಾ ಅನ್ನುವ ಪ್ರಶ್ನೆ ಇದೆ. ಅದಕ್ಕೆ ‘ಶಾಂತಿ’ ಬೇಡವೇ ಬೇಡ. ನಮ್ಮಲ್ಲಿ ಆತ್ಮಕ್ಕೆ ಶಾಂತಿ ಕೋರುವುದು ಯಾವಾಗ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ‘ನೆಮ್ಮದಿ’ ಹಾಕಿ.

ಈಗ ನಂಬರ್. ಶಾಲೆಗೆ ಹೋಗದವರಿಗೆ ‘ಹತ್ತರಲ್ಲಿ ನೋವು ಎಷ್ಟು’ ಅಂದರೆ ಅದೊಂದು ಲೆಕ್ಕದ ಪರೀಕ್ಷೆ. ಐಪಾಸ್‌ಗೂ ಮೂಲವಾದ ‘ಪಾಸ್’ (POS) ಅನ್ನುವ ಫಾರಂ ಅನ್ನು ಆಫ್ರಿಕಾದವರು 0ಯಿಂದ 5 ಮಾಡಿಕೊಂಡು ಕೈ ತೋರಿಸಿ ಕೇಳುತ್ತಾರೆ. ಮುಷ್ಟಿ ಅಂದರೆ ಏನೂ ಇಲ್ಲ, ಐದೂ ಬೆರಳು ಅಂದರೆ ತಡೆಯಲಾರದಷ್ಟು. ನಮ್ಮ ಹಿರಿಯರ ಹತ್ತಿರ ಇದಕ್ಕಿಂತ ಚೆನ್ನಾಗಿರೋದು ಇದೆ, ಆಣೆ. “ನಾಲ್ಕಾಣೆ ವಾಸಿ”, “ಎಂಟಾಣೆ ಗುಣ ಆಗಿದೆ” ಅಂತ ಅವರೇ ಹೇಳುತ್ತಾರೆ. ಇಲ್ಲ, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಪೂರ್ತಿ ರೂಪಾಯಿ. ಎಣಿಸಿ ನೋಡಿ, ಐಪಾಸ್‌ನ 0ಯಿಂದ 4 ಅಲ್ಲೇ ಇದೆ! ಆದರೆ ಹುಷಾರು. ಅವರು ಆಣೆ ಹೇಳುವುದು ಸಾಮಾನ್ಯವಾಗಿ ಗುಣಕ್ಕೆ, ನೀವು ಕೇಳುತ್ತಿರುವುದು ನೋವನ್ನು. ಯಾವುದರ ಆಣೆ ಅಂತ ಪ್ರತಿ ಸಲ ಬಿಡಿಸಿ ಹೇಳಿ. ಇಪ್ಪತ್ತರ ಹುಡುಗನಿಗೆ ಆಣೆ ಕೇಳಿದರೆ ನಗುತ್ತಾನೆ, ಅವನಿಗೆ ಮೊಬೈಲ್ ಬ್ಯಾಟರಿ ಗೀಟು ತೋರಿಸಿ. ಅಚ್ಚಾದ ಫಾರಂನಲ್ಲಿ ಅಳತೆಗೆ ಮೂಲದ ಮಾತುಗಳೇ ಇರಲಿ, ಆಣೆ ಮತ್ತು ಬ್ಯಾಟರಿ ಕೇಳುವವರ ಬಾಯಲ್ಲಿರಲಿ.

ಇನ್ನೊಂದು ಕಡೆ ಹೊಸಬರು ಎಡವುತ್ತಾರೆ. ಐಪಾಸ್‌ನಲ್ಲಿ ನೆಮ್ಮದಿ, ಮನಸ್ಸಿನದನ್ನು ಮನೆಯವರ ಹತ್ತಿರ ಹೇಳಿಕೊಳ್ಳೋದು, ಬೇಕಾದಷ್ಟು ಮಾಹಿತಿ ಸಿಗೋದು, ಈ ಪ್ರಶ್ನೆಗಳಲ್ಲಿ ಅಂಕ ತಿರುಗುಮುರುಗು. ‘ಯಾವಾಗಲೂ’ ಅಂದರೆ 0, ‘ಇಲ್ಲವೇ ಇಲ್ಲ’ ಅಂದರೆ 4. ಪೂರ್ತಿ ನೆಮ್ಮದಿ ಇದೆ ಅಂದ ಅಜ್ಜನಿಗೆ 4 ಬರೆದುಬಿಟ್ಟರೆ ಕಥೆ ಮುಗಿಯಿತು. ಇಲ್ಲಿ ಆಣೆ ಬಳಸಬೇಡಿ.

‘ಕಳೆದ ಮೂರು ದಿನದಲ್ಲಿ’ ಅನ್ನುವುದಕ್ಕೂ ಒಂದು ಗುರುತು ಕೊಡಿ. ಮೂರು ದಿನದ ಹಿಂದೆ ಸಂತೆ ಇದ್ದರೆ ‘ಸಂತೆ ದಿನದಿಂದ ಈಚೆಗೆ’ ಅನ್ನಿ, ಸರಿಯಾಗಿ ನೆನಪಾಗುತ್ತದೆ.

ಆಮೇಲೆ ಮನೆಯವರು. ಮಗ ಮಂಚದ ಹಿಂದೆ ನಿಂತು ಕೈಸನ್ನೆ ಮಾಡುತ್ತಿರುತ್ತಾನೆ, ಕ್ಯಾನ್ಸರ್ ಅನ್ನಬೇಡಿ ಅಂತ. ಅಮ್ಮನಿಗೆ ಹೇಳಿರುವುದು ‘ಗಡ್ಡೆ’. ಅವನ ಮೇಲೆ ಸಿಟ್ಟಾಗಬೇಡಿ, ಹೆದರಿಕೆ ಅಷ್ಟೇ. ಮಾಹಿತಿಯ ಪ್ರಶ್ನೆಗೆ ಹೋಗುವ ಮುಂಚೆ ‘ನಿಮ್ಮ ಕಾಯಿಲೆ ಬಗ್ಗೆ ಏನು ಹೇಳಿದ್ದಾರೆ?’ ಅಂತ ಅಮ್ಮನನ್ನೇ ಕೇಳಿ, ಅವರು ಯಾವ ಮಾತು ಆಡುತ್ತಾರೋ ಅದನ್ನೇ ಆಡಿ. ಎಷ್ಟೋ ಸಲ ಅವರಿಗೆ ಎಲ್ಲ ಗೊತ್ತಿರುತ್ತದೆ, ಮಗ ನೊಂದುಕೊಳ್ಳುತ್ತಾನೆ ಅಂತ ಸುಮ್ಮನಿರುತ್ತಾರೆ. ಮನೆಯವರ ಕಷ್ಟ ಕೇಳುವುದಿದ್ದರೆ ಸೊಸೆಯನ್ನು ಅಡುಗೆಮನೆಯಲ್ಲಿ ಬೇರೆಯಾಗಿ ಮಾತಾಡಿಸಿ. ಹಾಸಿಗೆ ಪಕ್ಕ ನಿಂತು ಅವರು ಏನೂ ಹೇಳುವುದಿಲ್ಲ. ‘ಹಣೆಬರಹ’, ‘ಹಿಂದಿನ ಜನ್ಮದ ಪಾಪ’ ಅನ್ನುವ ಮಾತು ಬಂದರೆ ಹಾಗೇ ಅವರ ಮಾತಿನಲ್ಲೇ ಬರೆದುಕೊಳ್ಳಿ, ಅದಕ್ಕೆ ಫಾರಂನಲ್ಲಿ ಜಾಗ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ.

ಕರಡು ರೆಡಿ ಆದ ಮೇಲೆ ಅಸಲಿ ಪರೀಕ್ಷೆ. ರೋಗಿಗೆ ಪ್ರಶ್ನೆ ಓದಿ, ಉತ್ತರ ಬಂದ ಮೇಲೆ ‘ನಾನು ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳಿ’ ಅನ್ನಿ. 5ರಿಂದ 8 ಜನ ಸಾಕು ಅನ್ನುವ ಮಾರ್ಗದರ್ಶಿ ಇದೆ, 30ರಿಂದ 40 ಬೇಕು ಅನ್ನುವುದೂ ಇದೆ. ಮೈಸೂರಿನ ನಲವತ್ತು ಜನಕ್ಕಿಂತ ನಾಲ್ಕು ಕಡೆಯ ಎಂಟೆಂಟು ಜನ ಮೇಲು ಅಂತ ನನಗನ್ನಿಸುತ್ತದೆ. ಸುಸ್ತಾಗಿರುವವರನ್ನು ಕೂರಿಸಿಕೊಂಡು ಇಡೀ ಫಾರಂ ಮುಗಿಸಲೇಬೇಕು ಅಂತ ಹಟ ಮಾಡಬೇಡಿ, ಅರ್ಧ ಇವತ್ತು, ಅರ್ಧ ನಾಡಿದ್ದು. ಐಪಾಸ್‌ನಲ್ಲಿ ಯಾರಾದರೂ ನೋವು 4 ಅಂದರೆ ಪರೀಕ್ಷೆ ಅಲ್ಲಿಗೆ ನಿಲ್ಲಲಿ, ಮೊದಲು ಡಾಕ್ಟರಿಗೆ ಫೋನ್.

ಪ್ರತಿ ತಿದ್ದುಪಡಿಯ ತಾರೀಕನ್ನು ಫಾರಂನ ಮೂಲೆಯಲ್ಲಿ ಅಚ್ಚು ಹಾಕಿಸಿ. ಇಲ್ಲಾಂದ್ರೆ ನೀವು ‘ಖಿನ್ನತೆ’ ಕಿತ್ತು ಆರು ತಿಂಗಳಾದರೂ ಯಾರದೋ ಬ್ಯಾಗಿನಲ್ಲಿ ಹಳೇ ಜೆರಾಕ್ಸ್ ಓಡಾಡುತ್ತಲೇ ಇರುತ್ತದೆ.