ಮನೆಯ ಟ್ಯಾಂಕಿಗೆ ಯಾವ ‘ಶಾರ್ಕ್’?

ಅಕ್ವೇರಿಯಂ ಅಂಗಡಿಯವರು ಶಾರ್ಕ್ ಎಂದು ಮಾರುವ ಸಿಹಿನೀರಿನ ಮೀನುಗಳೆಲ್ಲ ಕಾರ್ಪ್ ಅಥವಾ ಕ್ಯಾಟ್‌ಫಿಶ್ ಬಳಗದವು. ಬೆಳೆದಾಗ ಎಷ್ಟು ಉದ್ದವಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಎರಡಿಂಚಿನ ಇರಿಡಿಸೆಂಟ್ ಶಾರ್ಕ್ ಮರಿಯ ತಂಟೆಗೇ ಹೋಗಬೇಡಿ. ಅದು ಮೀನು ಮಾರುಕಟ್ಟೆಯ ಪಂಗಾಸಿಯಸ್ಸೇ. ಮೀಟರ್ ದಾಟಿ ಬೆಳೆಯುತ್ತದೆ, ಬೆದರಿದರೆ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತದೆ. ಬಾಲಾ ಶಾರ್ಕ್ ಸಾಧು ಪ್ರಾಣಿ. ಆದರೆ ಒಂದಡಿ ಆಗುತ್ತದೆ, ಗುಂಪಿನಲ್ಲೇ ಇರಬೇಕು. ನಾಲ್ಕಡಿ ಟ್ಯಾಂಕೂ ಸಾಲದು.

ನಾಲ್ಕಡಿ ಉದ್ದದ, 200 ಲೀಟರಿನ ಟ್ಯಾಂಕಿಗೆ ರೆಡ್‌ಟೇಲ್ ಶಾರ್ಕ್ ಅಥವಾ ರೇನ್‌ಬೋ ಶಾರ್ಕ್ ಸರಿ, ಅದೂ ಒಂದೇ ಒಂದು. ಮೈ ಕಪ್ಪಾಗಿ ಬಾಲ ಮಾತ್ರ ಕೆಂಪಿದ್ದರೆ ರೆಡ್‌ಟೇಲ್. ಉಳಿದ ಈಜುರೆಕ್ಕೆಗಳೂ ಕೆಂಪಿದ್ದರೆ ರೇನ್‌ಬೋ. ಟ್ಯಾಂಕಿಗೆ ಎರಡನ್ನು ಹಾಕಿದರೆ ಬಲವಾದದ್ದು ಇನ್ನೊಂದನ್ನು ಹಗಲಿಡೀ ಅಟ್ಟಾಡಿಸುತ್ತದೆ. ಸೋತದ್ದು ಮೂಲೆ ಹಿಡಿದು, ರೆಕ್ಕೆ ಹರಿದುಕೊಂಡು, ಮೇವಿಗೂ ಬಾರದೆ ಸಾಯುತ್ತದೆ. ಅಡಗಲು ಕಲ್ಲಿನ ಸಂದು, ಮರದ ಬೇರು ಇಡಿ. ನೀರು 24–26 ಡಿಗ್ರಿ ಇರಲಿ. ಉಳಿದ ಮೀನುಗಳು ನೆಲೆಯಾದ ಮೇಲೆ, ಕೊನೆಗೆ ಈ ಶಾರ್ಕನ್ನು ಬಿಡಿ. ಮೊದಲೇ ಬಿಟ್ಟರೆ ಇಡೀ ಟ್ಯಾಂಕ್ ತನ್ನದೆನ್ನುತ್ತದೆ. ಜೊತೆಗೆ ಮೇಲ್ಮಟ್ಟದಲ್ಲಿ ಈಜುವ, ಚುರುಕಾದ ಜೀಬ್ರಾ ಡೇನಿಯೊ ಒಳ್ಳೆಯದು. ತಳದಲ್ಲೇ ಓಡಾಡುವ ಕೋರಿಡೋರಸ್ ಬೇಡ.

ರೋಸ್‌ಲೈನ್ ಶಾರ್ಕ್ ಚೆಂದವೇನೋ ಹೌದು. ಆದರೆ ಅದು ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಅಳಿವಿನಂಚಿಗೆ ಬಂದ ಡೆನಿಸನ್ ಬಾರ್ಬ್, ಕೊಳ್ಳಬೇಡಿ.

ಹಾಂ, ಇವೆಲ್ಲ ಚಿಮ್ಮಿ ಹೊರಬೀಳುವ ಜಾತಿ. ಪೈಪಿನ ಸಂದನ್ನೂ ಬಿಡದೆ ಮುಚ್ಚಳ ಹಾಕಿ.