ಆ್ಯಪ್‌ಗೆ ಯಾವ ಟ್ರೇಡ್‌ಮಾರ್ಕ್ ಕ್ಲಾಸ್? ನಾನು ಬಗೆಹರಿಸಿಕೊಂಡ ರೀತಿ

ಗಣಿತ ಕಲಿಸುವ ನನ್ನ ಆ್ಯಪ್‌ನ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ತುಂಬುತ್ತಿದ್ದೆ. ಕ್ಲಾಸ್ (ಹೆಸರನ್ನು ಯಾವ ಬಗೆಯ ಸರಕು ಅಥವಾ ಸೇವೆಗೆ ಬಳಸುತ್ತೀರಿ ಅನ್ನುವ ವರ್ಗದ ಸಂಖ್ಯೆ) ಕೇಳುವ ಜಾಗಕ್ಕೆ ಬಂದು ಗಾಡಿ ನಿಂತಿತು. ಒಬ್ಬರು 9 ಅಂದರು, ಇನ್ನೊಬ್ಬರು 42, ಮತ್ತೊಬ್ಬರು 41. ತಮಾಷೆ ಅಂದ್ರೆ ಮೂರಕ್ಕೂ ಕಾರಣ ಇತ್ತು.

ಈ ಕ್ಲಾಸ್‌ಗಳ ಅಂತರರಾಷ್ಟ್ರೀಯ ಪಟ್ಟಿಯಾದ ನೈಸ್ ವರ್ಗೀಕರಣದಲ್ಲಿ 45 ಕ್ಲಾಸ್ ಇವೆ. 1ರಿಂದ 34 ಸರಕುಗಳಿಗೆ, ಉಳಿದವು ಸೇವೆಗಳಿಗೆ. ‘ನನ್ನದು ಯಾವ ಥರದ ಕಂಪನಿ’ ಅಂತ ಯೋಚಿಸುವುದನ್ನು ಬಿಟ್ಟು, ಬಳಸುವವರ ಕೈಗೆ ನಿಜವಾಗಿ ಏನು ಸಿಗುತ್ತದೆ ಅಂತ ಒಂದೊಂದಾಗಿ ಬರೆದ ಮೇಲೆ ಗಂಟು ಬಿಚ್ಚಿತು. ಫೋನಿಗೆ ಇಳಿಸಿಕೊಳ್ಳುವ ಆ್ಯಪ್ ಸರಕು, ಅದು 9. ಅದೇ ಸಾಫ್ಟ್‌ವೇರನ್ನು ಇಳಿಸಿಕೊಳ್ಳದೆ ಬ್ರೌಸರ್‌ನಲ್ಲೇ ಬಳಸಲು ಕೊಟ್ಟರೆ ಸೇವೆ, ಅದು 42. ಆನ್‌ಲೈನಿನಲ್ಲಿ ನೇರವಾಗಿ ಪಾಠ ಮಾಡಿದರೆ 41.

ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಜಾಲತಾಣದಲ್ಲಿ ಪ್ರತಿ ಕ್ಲಾಸಿನ ವಿವರಣೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ಇವು ಇಲ್ಲಿ ಸೇರುವುದಿಲ್ಲ’ ಅನ್ನುವ ಭಾಗವನ್ನೇ ಮೊದಲು ಓದಿ, ಅರ್ಧ ಅನುಮಾನ ಅಲ್ಲೇ ತೀರುತ್ತದೆ. ಬ್ರೌಸರ್ ಆವೃತ್ತಿ ನನ್ನಲ್ಲಿ ಇಲ್ಲ, ಹಾಗಾಗಿ 9 ಮತ್ತು 41 ಹಾಕಿದೆ. ಲೋಗೋ ಇರುವ ಟೀಶರ್ಟ್‌ಗೆ 25 ಕೂಡ ಸೇರಿಸಿ ಅಂತ ಯಾರೋ ಹೇಳಿದರು. ನಾವು ಬಟ್ಟೆ ಮಾರುವುದಿಲ್ಲ, ತಂಡದವರು ಸುಮ್ನೆ ಹಾಕಿಕೊಳ್ಳುತ್ತಾರೆ ಅಷ್ಟೇ, ಅದಕ್ಕೆ ಬಿಟ್ಟೆ. ಕ್ಲಾಸ್ ಜಾಸ್ತಿ ಆದಷ್ಟೂ ಶುಲ್ಕವೂ ಜಾಸ್ತಿ ಅಲ್ವಾ!